ಸಾರವಾಡದ ಕೂಸಿಗೆ ತಾಲಿನ್‌ನಲ್ಲಿ ತಿದ್ದುಪಡಿ

ಹಡಗು

ಹೆಲ್ಸಿಂಕಿಯಿಂದ ತಾಲಿನ್‌ಗೆ ಹಡಗಿನಲ್ಲಿ ಎರಡು ಗಂಟೆಯ ದಾರಿ. ವಿಜಯಪುರದಿಂದ ಸಾರವಾಡಕ್ಕೆ ಬಸ್ಸಿನಲ್ಲಿ ಅದರ ಕಾಲುಭಾಗ ಸಮಯ ಸಾಕು. ಆದರೆ ಅಷ್ಟರಲ್ಲೇ ಪಕ್ಕದ ಸೀಟಿನವರು ನನ್ನ ಮನೆತನ, ಓದು, ಇನ್ನೂ ಮದುವೆಯಾಗದಿರಲು ಕಾರಣ, ಎಲ್ಲವನ್ನೂ ಕೇಳಿ ತಿಳಿದುಕೊಂಡಿರುತ್ತಾರೆ. ಬಾಲ್ಟಿಕ್ ಸಮುದ್ರದ ಮೇಲೆ ಒಬ್ಬ ಹೆಂಗಸಿನ ಪಕ್ಕದಲ್ಲಿ ಎರಡು ಗಂಟೆ ಕುಳಿತಿದ್ದೆ. ಇಳಿಯುವ ಮುಂಚೆ ನನ್ನ ಚೀಲದ ಪಟ್ಟಿ ಅವರ ಕಾಲಿಗೆ ಸಿಕ್ಕಿತು. ಅವರೇ ‘ಕ್ಷಮಿಸಿ’ ಎಂದರು. ನಮ್ಮ ಮಾತುಕತೆ ಅಷ್ಟೇ. ದಡಕ್ಕೆ ಕಾಲಿಡುವ ಮೊದಲೇ ಆ ದೇಶ ನನಗೆ ಹಿಡಿಸಿತ್ತು.

ನಾನು ಹೊರಟದ್ದು ಅಲ್ಲಿನ ಒಂದು ಸಭೆಯಲ್ಲಿ ದಾಖಲೆಗಳ ಮೇಲಿನ ನಂಬಿಕೆಯ ಬಗ್ಗೆ ಎಂಟು ನಿಮಿಷ ಮಾತಾಡಲು. ವಿಜಯಪುರದ ಒಂದು ಸಂಸ್ಥೆಯಲ್ಲಿ ಆರೋಗ್ಯದ ಅಂಕಿಅಂಶ ನೋಡಿಕೊಳ್ಳುವುದು ನನ್ನ ಕೆಲಸ. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಕೆಲವು ಊರುಗಳಲ್ಲಿ ಮಕ್ಕಳ ಚುಚ್ಚುಮದ್ದಿನ ವಿವರವನ್ನು ನಾವು ಬ್ಲಾಕ್‌ಚೈನ್‌ನಲ್ಲಿ ಇಡುತ್ತಿದ್ದೇವೆ. ಹಾಗೆಂದರೇನು ಎಂದು ಅವ್ವನಿಗೆ ಹೇಳಿದ ಮಾತಿನಲ್ಲೇ ಹೇಳುತ್ತೇನೆ. ಒಂದು ರಿಜಿಸ್ಟರ್ ಇದೆ. ಅದರ ಪ್ರತಿ ಪುಟದ ಮೇಲೂ ಹಿಂದಿನ ಪುಟದ ಗುರುತು ಇರುತ್ತದೆ. ಅದರ ನಕಲು ವಿಜಯಪುರದಲ್ಲಿ ಒಂದು, ತಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು. ಯಾರಾದರೂ ಒಂದು ಕಡೆ ಗುಟ್ಟಾಗಿ ಒಂದು ಅಂಕಿ ತಿದ್ದಿದರೆ ಮುಂದಿನ ಎಲ್ಲ ಪುಟಗಳ ಗುರುತು ತಪ್ಪುತ್ತದೆ, ಉಳಿದೆರಡು ನಕಲುಗಳು ಅದನ್ನು ಒಪ್ಪುವುದಿಲ್ಲ. ಮಗುವಿನ ಹೆಸರು ಹೊರಗಿನವರಿಗೆ ಕಾಣುವುದಿಲ್ಲ, ಬರೀ ಒಂದು ಸಂಖ್ಯೆ ಕಾಣುತ್ತದೆ. ಯಾವ ಊರಲ್ಲಿ ಎಷ್ಟು ಮಕ್ಕಳಿಗೆ ಸೂಜಿಯಾಯಿತು, ಅದನ್ನು ಬರೆದವರು ಯಾರು ಎಂಬುದನ್ನು ಮಾತ್ರ ಯಾರು ಬೇಕಾದರೂ ಫೋನಿನಲ್ಲಿ ತೆರೆದು ನೋಡಬಹುದು.

“ಅಂದ್ರ ಒಮ್ಮೆ ಬರದ್ರ ಅಳಸಾಕ ಬರೂದಿಲ್ಲ?” ಎಂದು ಅವ್ವ ಕೇಳಿದಳು.

“ಬರೂದಿಲ್ಲ.”

“ಹಂಗಾರ ಬರಿಯೂ ಮುಂದ ಭಾಳ ವಿಚಾರ ಮಾಡಬೇಕ್ ಬಿಡು,” ಎಂದು ಅವಳು ನನ್ನ ಪ್ರಯಾಣದ ರೊಟ್ಟಿ ಬಡಿಯಲು ಕುಳಿತಳು.

ಆ ಖಡಕ್ ರೊಟ್ಟಿಗಳಿಂದಾಗಿ ಹೆಲ್ಸಿಂಕಿಯ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಅಧಿಕಾರಿ ಬಟ್ಟೆ ಬಿಚ್ಚಿ, ಮೇಲಿನ ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿದರು. ಏನಿದು ಎಂದರು. ಬ್ರೆಡ್ ಎಂದೆ. ಮತ್ತೊಮ್ಮೆ ತಟ್ಟಿದರು. ಮಾಡಿ ಎಷ್ಟು ದಿನವಾಯಿತು? ಒಂದು ವಾರ. ಇನ್ನೆಷ್ಟು ದಿನ ಇರುತ್ತದೆ? ಒಂದು ತಿಂಗಳು. ಅವರು ಪಕ್ಕದ ಮೇಜಿನ ಗೆಳೆಯನನ್ನು ಕರೆದರು, ಅವನೂ ಬಂದು ತಟ್ಟಿದ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡು, ನನಗೆ ತೋರಿಸಿದ್ದಕ್ಕಿಂತ ಹೆಚ್ಚು ಮರ್ಯಾದೆಯಿಂದ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರು. ಜೊತೆಗಿದ್ದ ಸೇಂಗಾ ಚಟ್ನಿಯನ್ನು ಯಾರೂ ಕೇಳಲೇ ಇಲ್ಲ.

ತಾಲಿನ್, ಮೊದಲ ದಿನ

ತಮ್ಮ ಮನೆಯಲ್ಲಿ ನನಗೆ ಕೋಣೆ ಕೊಟ್ಟವರು ಮಾರಿಕಾ. ಮೂವತ್ತು ವರ್ಷ ನರ್ಸ್ ಆಗಿದ್ದವರು, ಈಗ ನಮ್ಮ ಸಭೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕೆಂದು ಬೆರಳು ತೋರಿಸಿದರು. ನನಗೆ ಮನೆಗೆ ಬಂದಂತಾಯಿತು.

ಸಂಜೆ ಒಬ್ಬಳೇ ಪೇಟೆಗೆ ಹೋದೆ. ಜಿಟಿಜಿಟಿ ಮಳೆ. ಒಂದು ದಾಟುವ ಜಾಗದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ವಾಹನವೂ ಇರಲಿಲ್ಲ. ನಮ್ಮ ಗಾಂಧಿ ಚೌಕದಲ್ಲಿ ರಸ್ತೆ ದಾಟಿ ಬೆಳೆದವಳು ನಾನು, ದಾಟಿಬಿಟ್ಟೆ. ಆ ಬದಿಗೆ ಹೋಗಿ ತಿರುಗಿ ನೋಡಿದರೆ ಐದು ಜನ ಮಳೆಯಲ್ಲಿ ಹಾಗೆಯೇ ನಿಂತಿದ್ದರು. ಯಾರೂ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ, ಎಲ್ಲರೂ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನಾಚಿಕೆಯಾಗಿ ಮತ್ತೆ ಈ ಬದಿಗೆ ದಾಟಿ ಬಂದು ಅವರ ಜೊತೆ ನಿಂತೆ. ಅಂದರೆ ಒಂದು ತಪ್ಪನ್ನು ಸರಿಮಾಡಲು ಇನ್ನೊಂದು ಸಲ ಅದನ್ನೇ ಮಾಡಿದೆ. ಹಸಿರು ಬಂದ ಮೇಲೆ ಆರು ಜನ ಒಟ್ಟಿಗೆ ದಾಟಿದೆವು.

ಊಟದ ಮೇಜಿನಲ್ಲಿ ಮಾರಿಕಾ ಕಪ್ಪು ರೊಟ್ಟಿ ಕೊಯ್ದರು, ನಾನು ನನ್ನ ರೊಟ್ಟಿ ಮುರಿದೆ. ಆ ಶಬ್ದಕ್ಕೆ ಅವರ ಬೆಕ್ಕು ಕೋಣೆ ಬಿಟ್ಟು ಹೋಯಿತು. ಅವರು ತಮ್ಮ ಫೋನು ತೆಗೆದು ಒಂದು ಪಟ್ಟಿ ತೋರಿಸಿದರು. ಅವರ ಆರೋಗ್ಯದ ದಾಖಲೆಯನ್ನು ಯಾರು ಯಾರು, ಯಾವ ದಿನ ತೆರೆದು ನೋಡಿದರು ಎಂಬ ಪಟ್ಟಿ. ಹಲ್ಲಿನ ವೈದ್ಯರು, ಔಷಧಿ ಅಂಗಡಿಯವರು, ಕೆಳಗೆ ಒಂದು ಹೆಸರು.

“ಇವಳು ನನ್ನ ಚಿಕ್ಕಪ್ಪನ ಮಗಳು. ಆಸ್ಪತ್ರೆಯಲ್ಲಿದ್ದಾಳೆ. ಕುತೂಹಲಕ್ಕೆ ನೋಡಿದ್ದಾಳೆ,” ಎಂದರು.

“ನೀವೇನು ಮಾಡಿದಿರಿ?”

“ಫೋನ್ ಮಾಡಿ, ನನ್ನ ಕಾಲು ನೋವು ಈಗ ಹೇಗಿದೆ ಗೊತ್ತೇ ಎಂದು ಕೇಳಿದೆ. ಮೂರು ವರ್ಷವಾಯಿತು, ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ.”

ನಮ್ಮಲ್ಲಿ ಒಬ್ಬರ ಕಾಲು ನೋವು ತಿಳಿಯಲು ದಾಖಲೆ ತೆರೆಯುವ ಅಗತ್ಯ ಬೀಳುವುದಿಲ್ಲ. ತಿಳಿಯದಂತೆ ಇಡಲು ಏನಾದರೂ ಯಂತ್ರವಿದ್ದರೆ ನಾನೇ ಮೊದಲು ಕೊಳ್ಳುತ್ತೇನೆ.

ಎರಡನೆಯ ದಿನ, ಬೆಳಗ್ಗೆ

ಏಳು ಗಂಟೆಗೆ ಫೋನು ಬಂತು. ಸಾರವಾಡದ ಆಶಾ ಕಾರ್ಯಕರ್ತೆ ಕಸ್ತೂರಕ್ಕ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನನಗೆ ಅಕ್ಕಾರ ಎನ್ನುತ್ತಾರೆ. ಊರಿನ ಪ್ರತಿ ಕೂಸಿನ ಸೂಜಿಯ ತಾರೀಖು ಅವರ ಬಾಯಲ್ಲಿರುತ್ತದೆ.

“ಅಕ್ಕಾರ, ಅಲ್ಲಿ ಬೆಳಗಾಗೇತೇನ್ರಿ?”

“ಆಗೇತಿ ಕಸ್ತೂರಕ್ಕ. ಏನಾತು?”

“ಏನಿಲ್ಲ. ನಾ ಸುಳ್ಳಿ ಅಂತ ಚೀಟಿ ಬಂದೈತಿ.”

ಮೇಲಿನ ಕಚೇರಿಯ ನೋಟಿಸನ್ನು ಅವರು ಒಂದೊಂದೇ ಪದ ಬಿಡಿಸಿ ಓದಿದರು. ಸದರಿ ಮಗುವು ಸಾರವಾಡದಲ್ಲಿ ವಾಸವಿಲ್ಲದಿದ್ದರೂ ನಾಲ್ಕು ಬಾರಿ ‘ಇದೆ’ ಎಂದು ನಮೂದಿಸಿ ಸುಳ್ಳು ದಾಖಲೆ ಸೃಷ್ಟಿಸಿದ್ದು ಕಂಡುಬಂದಿರುತ್ತದೆ. ಮೂರು ದಿನದೊಳಗೆ ಸಮಜಾಯಿಷಿ ನೀಡದಿದ್ದಲ್ಲಿ ಕೆಲಸದಿಂದ ಕೈಬಿಡಲಾಗುವುದು.

“ನಮ್ಮ ಓಣ್ಯಾಗಿನ ಸುನಂದಾನ ಕೂಸ್ರಿ, ಸಾನ್ವಿ,” ಎಂದರು. “ಬಾಣಂತನಕ್ಕ ತವರಮನಿಗೆ ಬಂದಿದ್ಲು. ಐದ ತಿಂಗಳಾದ ಮ್ಯಾಲೆ ತಿಕೋಟಾಕ್ಕ ಗಂಡನ ಮನಿಗೆ ಹೋಗ್ಯಾಳ. ನೀವು ಕೊಟ್ಟ ಫೋನಿನ್ಯಾಗ ಹದಿನೈದ ದಿನಕ್ಕೊಮ್ಮೆ ಆ ಕೂಸಿನ ಹೆಸರ ಬರತೈತಿ. ‘ಇದೆ’, ‘ತೀರಿಕೊಂಡಿದೆ’. ಎರಡ ಗುಂಡಿ. ಮೂರನೇದ್ದ ಇಲ್ಲ. ಒಂದ ಒತ್ತೂತನಾ ಮುಂದಿನ ಕೂಸಿನ ಹೆಸರ ಬರೂದಿಲ್ಲ. ಆ ಕೂಸು ಅಲ್ಲಿ ನಕ್ಕೋತ ಆಡಾಕತ್ತೈತಿ. ನಾ ಇಲ್ಲಿ ಕುಂತ ತೀರಿಕೊಂಡಿದೆ ಅಂತ ಹೆಂಗ ಒತ್ಲಿ? ನನ್ನ ಬೆರಳ ಹೋಗೂದಿಲ್ರಿ ಆ ಗುಂಡಿ ಮ್ಯಾಲೆ.”

“ಒತ್ತೂ ಮುಂದ ಯಾರಿಗಾರ ಕೇಳಿದ್ರೇನು?”

“ನಾಕೂ ಸಲ ಸುನಂದಾಗ ಫೋನ್ ಹಚ್ಚೀನಿ. ಕೂಸು ಹೆಂಗೈತಿ ಅಂದ್ರ, ಆರಾಮ ಐತಿ ಬೇ ಅಂದ್ಲು. ಆಮ್ಯಾಲೇ ಇದೆ ಅಂತ ಒತ್ತೀನಿ. ಇದೆ ಅಲ್ಲೇನ್ರಿ ಮತ್ತ?”

ನಾನು ಮಂಚದ ಅಂಚಿಗೆ ಕುಳಿತೆ. ತಿಕೋಟಾದ ಕಾರ್ಯಕರ್ತೆ ಆ ಮಗುವನ್ನು ಹೊಸದಾಗಿ ಬರೆದುಕೊಂಡಿದ್ದರು, ಏಕೆಂದರೆ ಅದರ ಚುಚ್ಚುಮದ್ದಿನ ವಿವರವಿದ್ದ ‘ತಾಯಿ ಕಾರ್ಡು’ ತವರುಮನೆಯ ಟ್ರಂಕಿನಲ್ಲೇ ಉಳಿದಿತ್ತು. ಒಂದೇ ಮಗು ಒಂದೇ ವಾರ ಎರಡು ತಾಲ್ಲೂಕುಗಳಲ್ಲಿ ಇದ್ದದ್ದನ್ನು ನಮ್ಮ ಯಂತ್ರ ತಾಯಿಯ ಹೆಸರು, ಹುಟ್ಟಿದ ದಿನ ಹೋಲಿಸಿ ಹಿಡಿದಿತ್ತು. ಹಾಗೆ ಹಿಡಿಯುವ ಲೆಕ್ಕ ಬರೆದವಳು ನಾನು. ನಾಳೆಯ ನನ್ನ ಭಾಷಣದಲ್ಲಿ ಅದಕ್ಕೆ ಎರಡು ನಿಮಿಷ ಮೀಸಲಿತ್ತು.

ಗುಂಡಿಗಳ ವಿಷಯವನ್ನೂ ಹೇಳಬೇಕು. ಹಳೆಯ ಕಾಗದದ ರಿಜಿಸ್ಟರಿನಲ್ಲಿ ‘ಊರು ಬಿಟ್ಟಿದೆ’ ಎಂಬ ಅಂಕಣ ಇತ್ತು. ಸೂಜಿ ತಪ್ಪಿದ ಮಕ್ಕಳನ್ನೆಲ್ಲ ಕೆಲವರು ಅದರೊಳಗೆ ತುಂಬಿಬಿಡುತ್ತಿದ್ದರು. ಅಂಕಿ ಶುದ್ಧವಾಗಿರಲಿ ಎಂದು ನಾನು ಆ ಅಂಕಣವನ್ನೇ ತೆಗೆದೆ. ತರಬೇತಿಯ ದಿನ ಕಸ್ತೂರಕ್ಕ ಎದ್ದು ನಿಂತು, “ಗಂಡನ ಮನಿಗೆ ಹೋದ ಕೂಸಿಗೆ ಏನ ಒತ್ತೂದ್ರಿ?” ಎಂದು ಕೇಳಿದ್ದರು. ಮೊದಲ ಹೆರಿಗೆಗೆ ತವರಿಗೆ ಬರುವುದು, ಐದನೆಯ ತಿಂಗಳಿಗೆ ಗಂಡನ ಮನೆಯವರು ಬಂದು ಕರೆದೊಯ್ಯುವುದು, ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ನಾನೇ ಇಟ್ಟಂಗಿಹಾಳದ ಅಜ್ಜಿಯ ಮನೆಯಲ್ಲಿ ಹುಟ್ಟಿ ಹಾಗೆ ಬಂದವಳು. ಆದರೂ ಆ ದಿನ, “ಆಮ್ಯಾಲೆ ನೋಡೋಣು, ಕುಂದರ್ರಿ,” ಎಂದಿದ್ದೆ.

“ಉಳದವ್ರು ಏನ ಮಾಡ್ಯಾರ ಕಸ್ತೂರಕ್ಕ? ಎಲ್ಲಾ ಊರಾಗೂ ಕೂಸು ಹೋಗತಾವಲ್ಲ?”

ಅವರು ಧ್ವನಿ ತಗ್ಗಿಸಿದರು. “ಒಬ್ಬಾಕಿ ಒತ್ಯಾಳ್ರಿ, ಹೆಸರ ಕೇಳಬ್ಯಾಡ್ರಿ. ಮೂರು ಕೂಸಿಗೆ. ಒತ್ತಿ, ತಪ್ಪಾತಪ್ಪಾ ಅಂತ ಗಲ್ಲ ಬಡ್ಕೊಂಡು, ದೇವರಿಗೆ ಕಾಯಿ ಒಡಿಸ್ಯಾಳ. ಆಕಿಗೆ ಚೀಟಿ ಬಂದಿಲ್ಲ ನೋಡ್ರಿ.”

ಬಂದಿರಲಿಲ್ಲ, ನಿಜ. ಸತ್ತ ಮಕ್ಕಳು ಎರಡು ಕಡೆ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಯಂತ್ರಕ್ಕೆ ಆಕೆಯ ಮೇಲೆ ಅನುಮಾನವೇ ಹುಟ್ಟಿರಲಿಲ್ಲ. ಹೊಸ ವ್ಯವಸ್ಥೆ ಬಂದ ಮೇಲೆ ಶಿಶುಮರಣ ಏಕೆ ಏರಿತು ಎಂದು ಪರಿಶೀಲಿಸಲು ನಮ್ಮ ಡಾಕ್ಟರ್ ಸಾಹೇಬರು ಕಳೆದ ತಿಂಗಳು ಒಂದು ಸಮಿತಿ ಮಾಡಿಸಿದ್ದರು. ಸಮಿತಿ ಎರಡು ಸಲ ಚಹಾ ಕುಡಿದು, ನೀರಿನ ಮಾದರಿ ಕಳಿಸಿಕೊಟ್ಟಿತ್ತು.

ಡಾಕ್ಟರ್ ಸಾಹೇಬರು ನಮ್ಮ ಯೋಜನೆಯ ಮುಖ್ಯಸ್ಥರು. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ನೋಡ್ರಿ, ನೀವು ಅಲ್ಲಿ ಇದನ್ನೇನೂ ತಗೀಬ್ಯಾಡ್ರಿ. ಆಕಿ ಒಂದು ತಪ್ಪೊಪ್ಪಿಗೆ ಬರದು ಕೊಡ್ಲಿ. ನಾ ಹೇಳಿ ಕೆಲಸ ಉಳಸ್ತೀನಿ.”

“ಉಳೀದಿದ್ರ ಸರ್?”

“ಉಳೀತೈತಿ ಅಂತ ಅನ್ನೂಣು. ನಮ್ಮ ಪ್ರಾಜೆಕ್ಟಿನ ಹೆಸರ ನೋಡಬೇಕಲ್ಲ. ತಿದ್ದಾಕ ಬರೂದಿಲ್ಲ ಅಂತ ಹೇಳಾಕ ನಿಮ್ಮನ್ನ ಕಳಿಸಿವಿ. ತಿದ್ದಾಕ ಬರತೈತಿ ಅಂತ ಹೇಳಿ ಬರ್ತೀರೇನು?”

ಎರಡನೆಯ ದಿನ, ಮಧ್ಯಾಹ್ನ

ಸಭೆಯ ಬಿಡುವಿನಲ್ಲಿ ಊಟ ಸೇರಲಿಲ್ಲ. ಮಾರಿಕಾ ಏನೂ ಕೇಳದೆ ಎದುರಿಗೆ ಸೂಪು ಇಟ್ಟು ಕುಳಿತರು. ಕೇಳದಿರುವುದೇ ಅವರ ಕೇಳುವ ರೀತಿ ಎಂದು ಅಷ್ಟರಲ್ಲಿ ತಿಳಿದಿತ್ತು. ಹೇಳಿದೆ.

ಅವರು ಮತ್ತೆ ಫೋನು ತೆಗೆದರು. ತಮ್ಮ ದಾಖಲೆಯಲ್ಲಿ ಬಹಳ ಹಿಂದಕ್ಕೆ ಹೋಗಿ ಒಂದು ಸಾಲು ತೋರಿಸಿದರು. ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವಾಗ ಯಾರೋ ಅವರನ್ನು ಗಂಡಸು ಎಂದು ಬರೆದಿದ್ದರಂತೆ. ಕೆಳಗೆ, ಹನ್ನೊಂದು ದಿನದ ನಂತರ, ಇನ್ನೊಂದು ಸಾಲು: ಮೇಲಿನದು ತಪ್ಪು, ಇವರು ಹೆಂಗಸು. ಅದರ ಪಕ್ಕ ತಪ್ಪು ಮಾಡಿದವರ ಹೆಸರು.

“ಮೊದಲನೆಯದನ್ನು ಅಳಿಸಲಿಲ್ಲವೇ?”

“ಯಾಕೆ ಅಳಿಸಬೇಕು? ಹನ್ನೊಂದು ದಿನ ನಾನು ಅಲ್ಲಿ ಗಂಡಸಾಗಿದ್ದದ್ದು ನಿಜ ತಾನೇ? ಆ ಹನ್ನೊಂದು ದಿನ ನನ್ನ ಗಂಡ ಬಹಳ ಮರ್ಯಾದೆಯಿಂದ ನಡೆದುಕೊಂಡ.” ಅವರು ನಗಲಿಲ್ಲ. “ನಿಮ್ಮ ಯಂತ್ರದಲ್ಲಿ ಕೆಳಗೆ ಇನ್ನೊಂದು ಸಾಲು ಬರೆಯಲು ಬರುವುದಿಲ್ಲವೇ?”

ಬರುತ್ತಿತ್ತು. ಹೆಸರು ಹಾಕಿ ಬರೆಯಬೇಕಿತ್ತು, ಅಷ್ಟೇ. ಅದುವರೆಗೆ ನಮ್ಮಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ತಪ್ಪು ಹೊರಬಿದ್ದಾಗಲೆಲ್ಲ, ಯಂತ್ರದಲ್ಲಿ ತಿದ್ದಲು ಬರುವುದಿಲ್ಲ ಎಂದು ಕೈಚೆಲ್ಲುತ್ತಿದ್ದೆವು.

ನಾನು ಮನೆಯ ಬಾಗಿಲಿಗೂ ಹೆಸರು ಬರೆಸದವಳು. ನನ್ನ ಫೋಟೋ, ಹುಟ್ಟಿದ ದಿನ ಎಲ್ಲೂ ಹಾಕಿದವಳಲ್ಲ. ಸಾರ್ವಜನಿಕರಿಗೆ ಕಾಣುವ ಆ ಪುಟದಲ್ಲಿ ನನ್ನ ಹೆಸರು ಬಾರದ ಹಾಗೆ ವ್ಯವಸ್ಥೆಯನ್ನು ನಾನೇ ರೂಪಿಸಿದ್ದೆ. ಬರೆಯುವವರ ಹೆಸರು ಮಾತ್ರ ಕಾಣುತ್ತಿತ್ತು, ಗುಂಡಿ ಮಾಡಿದವರದಲ್ಲ. ಸೂಪು ಆರುವ ತನಕ ಲ್ಯಾಪ್‌ಟಾಪ್ ನೋಡುತ್ತ ಕುಳಿತು, ಕೊನೆಗೆ ಬರೆದೆ.

‘ಈ ಮಗು ಬದುಕಿದೆ. ತವರುಮನೆಯಿಂದ ತಂದೆಯ ಮನೆಗೆ ಹೋಗಿದೆ. ಅದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಇದ್ದ ಜಾಗವನ್ನು ತೆಗೆದವಳು ನಾನು. ಕಾರ್ಯಕರ್ತೆ ಕೇಳಿದಾಗಲೂ ಸರಿಪಡಿಸಲಿಲ್ಲ. ಅವರು ಬರೆದದ್ದು ನಿಜ.’

ಯಂತ್ರ ನನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುದ್ದೆ ಎಲ್ಲವನ್ನೂ ಕೇಳಿತು. ಖಚಿತವೇ, ಇದನ್ನು ಅಳಿಸಲಾಗುವುದಿಲ್ಲ ಎಂದು ಎರಡು ಸಲ ಎಚ್ಚರಿಸಿತು. ಆ ಎಚ್ಚರಿಕೆಯ ವಾಕ್ಯವೂ ನನ್ನದೇ. ಒತ್ತಿದೆ. ಆಮೇಲೆ, ಒಬ್ಬರೇ ಸತ್ತವೆಂದು ಬರೆದ ಆ ಮೂರು ಮಕ್ಕಳನ್ನು ದಾಖಲೆಯಲ್ಲಿ ಹುಡುಕಿ, ಅವರ ತಂದೆಯರಿಗೆ ಫೋನು ಮಾಡಿ ಮಕ್ಕಳು ಹೇಗಿದ್ದಾರೆಂದು ಕೇಳಿದೆ. ಒಬ್ಬನಿಗೆ ಹಲ್ಲು ಬರುತ್ತಿತ್ತು, ಒಬ್ಬಳಿಗೆ ನೆಗಡಿ, ಇನ್ನೊಂದರ ಅಳು ನನಗೇ ಕೇಳಿಸಿತು. ಆ ಮೂವರನ್ನೂ ನನ್ನ ಹೆಸರಿನಲ್ಲೇ ಬದುಕಿಸಿದೆ.

ಮೂರನೆಯ ದಿನ

ನನ್ನ ಭಾಷಣದ ಮೊದಲ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ‘ಇಲ್ಲಿ ಯಾರೂ ಸುಳ್ಳು ಬರೆಯಲಾರರು.’ ಅದನ್ನು ತೋರಿಸಿ, ಮುಂದಿನದರಲ್ಲಿ ಗಂಡನ ಮನೆಯಲ್ಲಿ ಆಡುತ್ತಿದ್ದ ಸತ್ತ ಮಕ್ಕಳ ಸಂಖ್ಯೆ ತೋರಿಸಿದೆ. ಎರಡು ಗುಂಡಿಗಳ ಕಥೆ ಹೇಳಿದೆ. ಸುಳ್ಳು ಒತ್ತಿದವರು ಪಾರಾದದ್ದನ್ನೂ, ನಿಜ ಒತ್ತಿದವರಿಗೆ ನೋಟಿಸು ಹೋದದ್ದನ್ನೂ ಹೇಳಿ, ಕೊನೆಗೆ ನಾನು ಬರೆದ ಸಾಲು ತೋರಿಸಿದೆ.

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಅವರು ಇದನ್ನು ತಪ್ಪೊಪ್ಪಿಗೆ ಎಂದುಕೊಳ್ಳಲಿಲ್ಲ. ತಿದ್ದುಪಡಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಲು ನಾನು ಹೆಣೆದ ಒಂದು ಉದಾಹರಣೆ ಎಂದುಕೊಂಡರು. ಪಾತ್ರಗಳು ಬಹಳ ಸಹಜವಾಗಿವೆ ಎಂದು ಒಬ್ಬರು ಮೆಚ್ಚಿದರು. ಇನ್ನೊಬ್ಬರು, ಗಂಡನ ಮನೆಗೆ ಹೋಗುವುದನ್ನು ವಲಸೆ ಎಂದು ಸೇರಿಸುತ್ತೀರಾ, ದತ್ತು ಎಂದು ಸೇರಿಸುತ್ತೀರಾ ಎಂದು ಕೇಳಿದರು. ಮನೆಗೆ ಹೋಗುವುದು ಎಂದೇ ಸೇರಿಸುತ್ತೇನೆ ಎಂದೆ. ಅದನ್ನೂ ಅವರು ಬರೆದುಕೊಂಡರು.

ಸಂಘಟಕರು ಅಭಿನಂದನೆಯ ಪತ್ರ ಕಳಿಸಿದ ಮೇಲೆ ಡಾಕ್ಟರ್ ಸಾಹೇಬರ ಫೋನು ಬಂತು. ಬೈಗುಳಕ್ಕೆ ಸಿದ್ಧಳಾಗಿದ್ದೆ.

“ಆ ತಿದ್ದುಪಡಿ ಮಾಡೂದು ನಮ್ಮ ಪ್ರಾಜೆಕ್ಟಿನ ವಿಶೇಷ ಅಂತ ಮೊದಲಽ ಹೇಳಬಾರದೇನ್ರಿ? ಪತ್ರಿಕೆಯವ್ರಿಗೆ ಹೇಳೀನಿ.”

ಸಮಿತಿಯನ್ನು ಅವರು ಬರ್ಖಾಸ್ತು ಮಾಡಲಿಲ್ಲ. ಶಿಶುಮರಣ ಇಳಿದದ್ದಕ್ಕೆ ಕಾರಣ ಹುಡುಕಲು ಅದಕ್ಕೇ ಹೇಳಿದರು.

ಆದರೆ ಕಸ್ತೂರಕ್ಕನ ನೋಟಿಸು ಹಾಗೆಯೇ ಇತ್ತು. ಮೇಡಂ ಬರೆದದ್ದು ಓದಿದ್ದೇವೆ, ವಿಚಾರಣೆ ಮಾಡಿಯೇ ತೀರ್ಮಾನಿಸುತ್ತೇವೆ, ಮೇಡಂ ಬಂದ ಮೇಲೆ ಇಬ್ಬರೂ ಬರಲಿ ಎಂದು ಮೇಲಿನ ಕಚೇರಿಯವರು ಹೇಳಿದ್ದರಂತೆ. ಹೊರಡುವ ದಿನ ಮಾರಿಕಾ ಬಂದರಿನ ತನಕ ಬಂದರು. ಒಂದು ಕಪ್ಪು ರೊಟ್ಟಿಯ ಪೊಟ್ಟಣ ಕೊಟ್ಟು, “ಅವರ ಕೆಲಸ ಏನಾಯಿತೆಂದು ಬರೆಯಿರಿ,” ಎಂದಷ್ಟೇ ಹೇಳಿದರು.

ಬಬಲೇಶ್ವರ

ತಾಲ್ಲೂಕು ಕಚೇರಿಯ ವಿಚಾರಣೆಗೆ ಕಸ್ತೂರಕ್ಕ ಒಬ್ಬರೇ ಬರಲಿಲ್ಲ. ಬೆಳಗ್ಗೆ ತಿಕೋಟಾಕ್ಕೆ ಹೋಗಿ ಸುನಂದಾಳನ್ನೂ ಕೂಸನ್ನೂ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಸೀರೆಯ ಸೆರಗು ತಲೆಯ ಮೇಲೆ, ಕೂಸು ಅವರದೇ ಕಂಕುಳಲ್ಲಿ. ಬಾಗಿಲಲ್ಲಿ ನನ್ನನ್ನು ಕಂಡವರೇ, “ಹೆಸರ್ಯಾಕ ಹಾಕಿದ್ರಿ ಅಕ್ಕಾರ? ಇನ್ನ ಮ್ಯಾಲೆ ನಿಮ್ಮನ್ನ ನೋಡಾಕ ಬಂದ ಬೀಗರು ಫೋನ್ ತಗದ ನೋಡತಾರ,” ಎಂದರು.

“ನೋಡ್ಲಿ ಬಿಡ್ರಿ,” ಎಂದೆ. ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದು ನನಗೇ ಆಶ್ಚರ್ಯ.

ವಿಚಾರಣೆಯ ಸಾಹೇಬರು ಒಳ್ಳೆಯ ಮನುಷ್ಯರೇ. ನಾನು ಬರೆದದ್ದನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಓದಿದರು.

“ಚಲೋ ಬರದೀರಿ. ಇದರದೊಂದು ಪ್ರಿಂಟ್ ತಗದು ಸಹಿ ಮಾಡಿ ಕೊಟ್ಟಬಿಡ್ರಿ. ಫೈಲಿನ್ಯಾಗ ಇರಬೇಕಲ್ಲ.”

ಪ್ರಿಂಟ್ ಬರುವ ತನಕ ಅವರು ಕೂಸನ್ನು ನೋಡಿದರು. ಕೂಸು ಅವರನ್ನು ನೋಡಿತು.

“ಎಲ್ಲಾ ಖರೆ ಬೇ,” ಎಂದು ಕಸ್ತೂರಕ್ಕನಿಗೆ ಹೇಳಿದರು. “ಆದ್ರ ಆ ಕೂಸು ಇದಽ ಅಂತ ನಾ ಹೆಂಗ ನಂಬ್ಲಿ? ನಾಳೆ ನನಗೂ ಕೇಳವ್ರು ಅದಾರ.”

ಸುನಂದಾ ತಾಯಿ ಕಾರ್ಡು ಹುಡುಕತೊಡಗಿದಳು. ಅದು ಇನ್ನೂ ಸಾರವಾಡದ ಟ್ರಂಕಿನಲ್ಲೇ ಇತ್ತು. ಕಸ್ತೂರಕ್ಕ ಕೂಸಿನ ಅಂಗಿಯ ಎಡತೋಳು ಮೇಲೆ ಸರಿಸಿ, ಸಾಹೇಬರ ಮೇಜಿನ ಹತ್ತಿರ ಹಿಡಿದರು. ತೊಗರಿ ಕಾಳಿನಷ್ಟು ದುಂಡನೆಯ ಕಲೆ.

“ಹುಟ್ಟಿದ ಮರುದಿನ ಮಾಡಿಸಿದ ಸೂಜೀದ್ರಿ ಇದು. ಕೈ ಹಿಡಕೊಂಡಾಕಿ ನಾನು.”

ಸಾಹೇಬರು ಕನ್ನಡಕ ಏರಿಸಿಕೊಂಡು ನೋಡಿದರು. “ಅದು ಎಲ್ಲಾ ಕೂಸಿಗೂ ಇರತೈತಲ್ಲಬೇ?”

“ಇರತೈತ್ರಿ. ಎಲ್ಲಾ ಕೂಸಿಗೂ ಇರ್ಲಿ ಅಂತನಽ ನಾ ಮನಿ ಮನಿ ತಿರಗೂದು.”

ಪ್ರಿಂಟ್ ಬಂತು, ನಾನು ಸಹಿ ಮಾಡಿ ಕೊಟ್ಟೆ. ಸಾಹೇಬರು ನೋಟಿಸಿನ ಮೇಲೆ ‘ಆರೋಪ ಕೈಬಿಟ್ಟಿದೆ’ ಎಂದು ಬರೆದು ಸಹಿ ಹಾಕಿದರು. ಕಸ್ತೂರಕ್ಕ ಆ ಹಾಳೆಯನ್ನು ತಿರುಗಿಸಿ ಒಮ್ಮೆ, ಮತ್ತೊಮ್ಮೆ ಓದಿ, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಆಮೇಲೆ ಕೂಸಿನ ತೋಳಿನ ಮೇಲೆ ಅಂಗಿ ಎಳೆದು, “ಹನ್ನೊಂದೂವರಿ ಬಸ್ಸಿಗೆ ಹೋಗ್ಲೇನ್ರಿ ಸಾಹೇಬ್ರ? ಇವತ್ತ ನಮ್ಮೂರಾಗ ಸೂಜಿ ಐತಿ,” ಎಂದರು.